ಯಜಮಾನನ ಸಾಲಪತ್ರದಲ್ಲಿ ಗುಲಾಮಳ ಹೆಸರು: ಜಮೈಕಾದ ಕಬ್ಬಿನ ತೋಟವೊಂದರ ಕುಟುಂಬಗಳನ್ನು ಹುಡುಕುವ ಕ್ರಮ

ಜಮೈಕಾದ ಕಬ್ಬಿನ ತೋಟಗಳ ಬಗ್ಗೆ ಕಾಗದಕ್ಕೆ ಬರವಿಲ್ಲ. 1655ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ದ್ವೀಪವನ್ನು ಕಿತ್ತುಕೊಂಡರು. ಅದಾಗಿ ಹತ್ತು ವರ್ಷ ಕಳೆಯುವುದರೊಳಗೆ ಕ್ರಯಪತ್ರ, ವಿಲ್, ಭೂಮಿಯ ಪಟ್ಟಾಗಳು ದಾಖಲಾಗತೊಡಗಿದವು. ಅವುಗಳಲ್ಲಿ ದೊಡ್ಡ ಪಾಲು ಇವತ್ತಿಗೂ ಸ್ಪ್ಯಾನಿಷ್ ಟೌನ್‌ನಲ್ಲಿದೆ. ತೋಟದ ಮಾಲೀಕರ ವಂಶವನ್ನು ನಾಲ್ಕೈದು ತಲೆಮಾರು ಹಿಂದಕ್ಕೆ ಒಯ್ಯುವುದು ತಾಳ್ಮೆಯಿದ್ದವರಿಗೆ ಕಷ್ಟವೇನಲ್ಲ. ಅದೇ ತೋಟದಲ್ಲಿ ಗುಲಾಮರಾಗಿ ದುಡಿದ ಇನ್ನೂರು ಮುನ್ನೂರು ಜನರ ವಿಷಯ ಹಾಗಲ್ಲ. ಅವರು ಪತ್ರಕ್ಕೆ ಸಹಿ ಹಾಕಿದವರಲ್ಲ, ವಿಲ್ ಬರೆದವರಲ್ಲ, ತೆರಿಗೆ ಕಟ್ಟಿದವರಲ್ಲ. ಅವರ ಹೆಸರು ಕಾಗದದ ಮೇಲೆ ಬರುವುದು ಇನ್ನೊಬ್ಬನ ಆಸ್ತಿಯಾಗಿ.

ಹಾಗಾಗಿ ಅವರನ್ನು ಹುಡುಕುವವರು ಮೊದಲು ಮಾಲೀಕನ ಬೆನ್ನು ಹತ್ತಬೇಕು. ಅದರಲ್ಲೂ ಆಸ್ತಿ ಅಲುಗಾಡಿದ ಸಂದರ್ಭಗಳನ್ನು ಹುಡುಕಬೇಕು: ಆತ ಯಾವಾಗ ಸತ್ತ, ಮಗಳಿಗೆ ಯಾವಾಗ ಮದುವೆ ಮಾಡಿದ, ಯಾರಿಂದ ಎಷ್ಟು ಸಾಲ ತಂದ. ಲಾಭದಲ್ಲಿದ್ದು ನೆಮ್ಮದಿಯಾಗಿ ಬಾಳಿದ ಮಾಲೀಕನಿಗೆ ಆಳುಗಳ ಪಟ್ಟಿ ಬರೆಸಿ ರಿಜಿಸ್ಟರ್ ಮಾಡಿಸುವ ತುರ್ತು ಇರಲಿಲ್ಲ. ದಿವಾಳಿಯ ಅಂಚಿಗೆ ಬಂದವನಿಗೆ ಇತ್ತು, ಯಾಕೆಂದರೆ ಸಾಲ ಕೊಟ್ಟವನು ಕೇಳುತ್ತಿದ್ದ. ಹುಡುಕಾಟಕ್ಕೆ ಒಳ್ಳೆಯ ತೋಟ ಎಂದರೆ ಸಾಲದಲ್ಲಿ ಮುಳುಗಿದ ತೋಟ.

ತೋಟ ಯಾವುದು, ಪ್ಯಾರಿಷ್ ಯಾವುದು

ಹೋಪ್, ಪ್ರಾಸ್ಪೆಕ್ಟ್, ಫ್ರೆಂಡ್‌ಶಿಪ್, ರಿಟೈರ್‌ಮೆಂಟ್. ಇಂಥ ಹೆಸರಿನ ತೋಟಗಳು ಜಮೈಕಾದ ಒಂದೊಂದು ಮೂಲೆಯಲ್ಲೂ ಇದ್ದವು. ಬರೀ ತೋಟದ ಹೆಸರು ಹಿಡಿದು ಹೊರಟರೆ ಎರಡು ಬೇರೆ ಬೇರೆ ಮನೆತನಗಳನ್ನು ಒಂದಾಗಿಸಿಬಿಡುವ ಅಪಾಯವಿದೆ. ತೋಟದ ಹೆಸರು, ಪ್ಯಾರಿಷ್ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ), ಮಾಲೀಕ ಮೂರೂ ಒಟ್ಟಿಗೆ ಕೂಡಿಬರಬೇಕು.

ಪ್ಯಾರಿಷ್‌ನಲ್ಲೇ ಒಂದು ತೊಡಕಿದೆ. ಇವತ್ತು ಜಮೈಕಾದಲ್ಲಿ 14 ಪ್ಯಾರಿಷ್‌ಗಳಿವೆ. 1867ಕ್ಕೆ ಮೊದಲು 22 ಇದ್ದವು. ಉದಾಹರಣೆಗೆ ಪ್ರೈಸ್ ಮನೆತನದ ವರ್ದಿ ಪಾರ್ಕ್ ತೋಟ ಇರುವುದು ಲೂಯಿಡಾಸ್ ಕಣಿವೆಯಲ್ಲಿ. ಈಗಿನ ನಕಾಶೆ ಪ್ರಕಾರ ಅದು ಸೇಂಟ್ ಕ್ಯಾಥರೀನ್. ಗುಲಾಮಗಿರಿಯ ಕಾಲದ ದಾಖಲೆಗಳಲ್ಲಿ ಸೇಂಟ್ ಜಾನ್. ಹಾಗೆಯೇ ವಿಯರ್ ಪ್ಯಾರಿಷ್ ಕ್ಲ್ಯಾರೆಂಡನ್ ಒಳಗೆ ಸೇರಿಹೋಯಿತು. ಈಗಿನ ಪ್ಯಾರಿಷ್ ಹೆಸರಿನಲ್ಲಿ 1817ರ ಗುಲಾಮರ ರಿಜಿಸ್ಟರ್ ತೆರೆದು, ಏನೂ ಸಿಗಲಿಲ್ಲವೆಂದು ಕೈಬಿಟ್ಟವರು ಬಹಳ ಮಂದಿ.

ಜಾಗ ಖಚಿತಪಡಿಸಿಕೊಳ್ಳಲು ಜೇಮ್ಸ್ ರಾಬರ್ಟ್‌ಸನ್ 1804ರಲ್ಲಿ ಪ್ರಕಟಿಸಿದ ನಕಾಶೆಗಳು ಒಳ್ಳೆಯವು. ಕಾರ್ನ್‌ವಾಲ್, ಮಿಡಲ್‌ಸೆಕ್ಸ್, ಸರ್ರೆ ಎಂಬ ಮೂರು ಕೌಂಟಿಗಳಿಗೆ ಒಂದೊಂದು ನಕಾಶೆ. ತೋಟಗಳ ಹೆಸರನ್ನು ಅವುಗಳಲ್ಲಿ ಗುರುತಿಸಿದ್ದಾರೆ. ಅದರ ಜೊತೆಗೆ ಜಮೈಕಾ ಆಲ್ಮನಾಕ್‌ಗಳನ್ನು, ಅಂದರೆ ವಾರ್ಷಿಕ ಕೈಪಿಡಿಗಳನ್ನು, ಇಟ್ಟುಕೊಳ್ಳಿ. 1811ರಿಂದೀಚೆಗಿನ ಆಲ್ಮನಾಕ್‌ಗಳಲ್ಲಿ ಪ್ಯಾರಿಷ್‌ವಾರು ಮಾಲೀಕರ ಹೆಸರು, ತೋಟ, ಗುಲಾಮರ ಸಂಖ್ಯೆ, ದನಗಳ ಸಂಖ್ಯೆ ಒಂದೇ ಸಾಲಿನಲ್ಲಿ ಬರುತ್ತವೆ. ಮನುಷ್ಯರನ್ನೂ ದನಗಳನ್ನೂ ಅಕ್ಕಪಕ್ಕದ ಕಾಲಂನಲ್ಲಿ ಬರೆದದ್ದು ಓದಲು ಕಸಿವಿಸಿ, ಆದರೆ ಅದು ತೆರಿಗೆಯ ಲೆಕ್ಕ. ವರ್ಷ ವರ್ಷದ ಸಂಖ್ಯೆಗಳನ್ನು ಒಂದರ ಪಕ್ಕ ಒಂದು ಬರೆದುಕೊಂಡು ನೋಡಿ. 210 ಇದ್ದದ್ದು ಮರುವರ್ಷ 290 ಆಗಿದ್ದರೆ ಅಷ್ಟು ಮಕ್ಕಳು ಹುಟ್ಟಿರಲು ಸಾಧ್ಯವಿಲ್ಲ. ಬೇರೆಲ್ಲಿಂದಲೋ ಒಂದು ಗುಂಪನ್ನು ಕೊಂಡು ತಂದಿದ್ದಾರೆ. ಆ ಕ್ರಯಪತ್ರವನ್ನು ಹುಡುಕಬೇಕಾದ ವರ್ಷ ನಿಮಗೆ ಸಿಕ್ಕಿತು.

ದಾಖಲೆಗಳಲ್ಲಿ ‘ಪೆನ್’ ಎಂದಿದ್ದರೆ ಅದು ದನಕರು ಸಾಕುವ ಜಾಗ. ‘ಎಸ್ಟೇಟ್’ ಎಂದರೆ ಸಕ್ಕರೆ. ‘ಪ್ಲಾಂಟೇಶನ್’ ಎಂದರೆ ಸಾಮಾನ್ಯವಾಗಿ ಕಾಫಿ ಅಥವಾ ಪಿಮೆಂಟೊ ಎಂಬ ಮಸಾಲೆ ಬೆಳೆ. ಒಬ್ಬನೇ ಮಾಲೀಕನಿಗೆ ಎಸ್ಟೇಟೂ ಪೆನ್ನೂ ಇದ್ದು, ಆಳುಗಳನ್ನು ಒಂದರಿಂದ ಇನ್ನೊಂದಕ್ಕೆ ಕಳಿಸುತ್ತಿದ್ದುದು ಮಾಮೂಲು. ಎರಡರ ದಾಖಲೆಯನ್ನೂ ನೋಡಬೇಕು.

1834ರಿಂದ ಹಿಂದಕ್ಕೆ

ಹೊಸದಿರುವ ಕಡೆಯಿಂದ ಹಳತಿನ ಕಡೆಗೆ ನಡೆಯುವುದು ಯಾವ ವಂಶಾವಳಿಗಾದರೂ ಸರಿಯಾದ ದಾರಿ. ಇಲ್ಲಿ ಹೊರಡುವ ಜಾಗ 1834ರ ಆಗಸ್ಟ್ 1. ಗುಲಾಮಗಿರಿಯನ್ನು ರದ್ದುಮಾಡಲು ಬ್ರಿಟಿಷ್ ಸಂಸತ್ತು 1833ರಲ್ಲಿ ಮಾಡಿದ ಕಾಯ್ದೆ ಜಾರಿಗೆ ಬಂದದ್ದು ಅಂದು. ಗುಲಾಮರನ್ನು ‘ಕಳೆದುಕೊಂಡ’ ಮಾಲೀಕರಿಗೆ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಅದು ಆಗಿನ ಸರ್ಕಾರಿ ವಾರ್ಷಿಕ ಖರ್ಚಿನ ಸುಮಾರು 40 ಶೇಕಡ. ಆ ಹಣಕ್ಕಾಗಿ ಎತ್ತಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ. ಬಿಡುಗಡೆಯಾದವರಿಗೆ ಬಿಡಿಗಾಸೂ ಸಿಗಲಿಲ್ಲ. ಆರು ವರ್ಷದೊಳಗಿನ ಮಕ್ಕಳು ಮಾತ್ರ ಅಂದೇ ಸ್ವತಂತ್ರರಾದರು. ಉಳಿದವರು ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ ಅದೇ ತೋಟದಲ್ಲಿ 1838ರ ಆಗಸ್ಟ್ 1ರವರೆಗೆ ದುಡಿದರು.

ಪರಿಹಾರಕ್ಕಾಗಿ 45,000ಕ್ಕೂ ಹೆಚ್ಚು ಕ್ಲೈಮುಗಳು ಬಂದವು. ಒಂದೊಂದಕ್ಕೂ ಪ್ಯಾರಿಷ್‌ವಾರು ಸಂಖ್ಯೆಯಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಇವನ್ನೆಲ್ಲ ಸೇರಿಸಿ ಸಾರ್ವಜನಿಕರಿಗೆ ಉಚಿತವಾಗಿ ತೆರೆದಿಟ್ಟ ‘ಲೆಗಸೀಸ್ ಆಫ್ ಬ್ರಿಟಿಷ್ ಸ್ಲೇವರಿ’ ದತ್ತಾಂಶದಲ್ಲಿ ತೋಟದ ಹೆಸರು, ಮಾಲೀಕನ ಹೆಸರು ಎರಡರಿಂದಲೂ ಹುಡುಕಬಹುದು. ಕ್ಲೈಮಿನಲ್ಲಿ ಎಷ್ಟು ಜನ, ಎಷ್ಟು ಹಣ, ಯಾರಿಗೆ ಸಂದಾಯ, ಯಾರ ತಕರಾರು ಎಂಬುದೆಲ್ಲ ಸಿಗುತ್ತದೆ. ಜಮೈಕಾದಲ್ಲಿ ಒಟ್ಟು 3,11,000ಕ್ಕೂ ಹೆಚ್ಚು ಜನರಿಗೆ ಬೆಲೆ ಕಟ್ಟಿದ್ದರು. ಸರಾಸರಿ ತಲೆಗೆ 20 ಪೌಂಡಿನ ಹತ್ತಿರ.

ಹಣ ಪಡೆದವನೇ ತೋಟದ ಮಾಲೀಕ ಎಂದು ಬರೆದುಕೊಳ್ಳುವ ಆತುರ ಬೇಡ. ಪಡೆದವನು ಅಡಮಾನ ಹಿಡಿದ ಲಂಡನ್ ವರ್ತಕನಾಗಿರಬಹುದು, ವಿಲ್ ಜಾರಿ ಮಾಡುವ ಟ್ರಸ್ಟಿಯಾಗಿರಬಹುದು, ವರ್ಷಾಶನದ ಹಕ್ಕಿರುವ ವಿಧವೆಯಾಗಿರಬಹುದು. ತಕರಾರು ಹಾಕಿದವರ ಪಟ್ಟಿ ನೋಡಿದರೆ ಇಡೀ ಸಾಲದ ಸರಪಳಿ ಬಿಚ್ಚಿಕೊಳ್ಳುತ್ತದೆ. ಲ್ಯಾಸೆಲ್ಸ್ ಮನೆತನವನ್ನೇ ನೋಡಿ. ಯಾರ್ಕ್‌ಷೈರಿನ ಹೇರ್‌ವುಡ್ ಅರಮನೆಯ ಒಡೆಯರಾದ ಇವರು ಮೂಲತಃ ವ್ಯಾಪಾರ ಮತ್ತು ಲೇವಾದೇವಿಯಿಂದ ಮೇಲೆ ಬಂದವರು. ಹದಿನೆಂಟನೇ ಶತಮಾನದ ಕೊನೆಗೆ ಸಾಲ ತೀರಿಸಲಾಗದವರ ತೋಟಗಳು ಒಂದರ ಹಿಂದೆ ಒಂದು ಇವರ ಕೈಸೇರಿದವು. ಪರಿಹಾರದ ಹೊತ್ತಿಗೆ ಬಾರ್ಬಡೋಸ್ ಮತ್ತು ಜಮೈಕಾದ ಆರು ತೋಟಗಳ 1,277 ಜನರಿಗಾಗಿ ಇವರು ಪಡೆದದ್ದು 26,000 ಪೌಂಡಿಗೂ ಹೆಚ್ಚು. ಇಂಥ ತೋಟದಲ್ಲಿ 1834ರ ಮಾಲೀಕನ ವಂಶವನ್ನು ಹಿಡಿದು ಹಿಂದೆ ಹೋದರೆ ಇಂಗ್ಲೆಂಡಿಗೆ ತಲಪುತ್ತೀರಿ. ತೋಟದ ಜನ ಮಾತ್ರ ಇನ್ನೊಂದೇ ಹೆಸರಿನ ಹಳೆಯ ಮಾಲೀಕನ ಪತ್ರಗಳಲ್ಲಿ ಇರುತ್ತಾರೆ.

ಮೂರು ವರ್ಷಕ್ಕೊಮ್ಮೆಯ ರಿಜಿಸ್ಟರ್

ಪರಿಹಾರದ ಕಾಗದಗಳಲ್ಲಿ ಗುಲಾಮರ ಸಂಖ್ಯೆಯಿದೆ, ಹೆಸರಿಲ್ಲ. ಹೆಸರಿಗಾಗಿ ಸ್ಲೇವ್ ರಿಜಿಸ್ಟರ್‌ಗಳಿಗೆ ಬರಬೇಕು. 1807ರಲ್ಲಿ ಆಫ್ರಿಕಾದಿಂದ ಗುಲಾಮರನ್ನು ತರುವ ವ್ಯಾಪಾರ ನಿಷೇಧವಾಯಿತು. ಕದ್ದು ತರುವುದನ್ನು ತಡೆಯಲು ಇರುವವರನ್ನೆಲ್ಲ ಪಟ್ಟಿ ಮಾಡಿಸುವ ನಿಯಮ ಬಂತು. ಜಮೈಕಾದ ಮೊದಲ ಪಟ್ಟಿ 1817ರ ಜೂನ್ 28ರದ್ದು. ಆಮೇಲೆ 1820, 1823, 1826, 1829, 1832. ಪ್ರತಿಯೊಂದರ ಒಂದು ನಕಲು ಲಂಡನ್ನಿಗೆ ಹೋಯಿತು. ಅವು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಟಿ 71 ಸರಣಿಯಲ್ಲಿವೆ. ಸ್ಕ್ಯಾನ್ ಮಾಡಿದ ಪುಟಗಳು ಆನ್ಸೆಸ್ಟ್ರಿ ಜಾಲತಾಣದಲ್ಲಿ ಸಿಗುತ್ತವೆ.

1817ರ ಪಟ್ಟಿಯೊಂದೇ ಪೂರ್ತಿ ಪಟ್ಟಿ. ಗಂಡಸರು ಒಂದೆಡೆ, ಹೆಂಗಸರು ಒಂದೆಡೆ. ಹೆಸರು, ಬಣ್ಣ, ವಯಸ್ಸು, ಆಫ್ರಿಕಾದಲ್ಲಿ ಹುಟ್ಟಿದ್ದೋ ದ್ವೀಪದಲ್ಲಿ ಹುಟ್ಟಿದ ‘ಕ್ರಿಯೋಲ್’ ಹೌದೋ, ಕೊನೆಗೆ ಷರಾ. ಆಮೇಲಿನ ಐದು ಪಟ್ಟಿಗಳಲ್ಲಿ ಬದಲಾವಣೆ ಮಾತ್ರ ಇರುತ್ತದೆ: ಹೆಚ್ಚಾದವರು ಯಾರು, ಕಡಿಮೆಯಾದವರು ಯಾರು, ಯಾಕೆ.

ಮಾದರಿಗೆ ಒಂದು ಸಾಲನ್ನು ಕಲ್ಪಿಸಿಕೊಳ್ಳೋಣ. 1817ರ ಹೆಂಗಸರ ಪಟ್ಟಿಯಲ್ಲಿ: ‘ಫೀಬಾ, ನೀಗ್ರೋ, 34, ಕ್ರಿಯೋಲ್, ಮಿಂಬಾಳ ಮಗಳು.’ ಇಷ್ಟರಲ್ಲಿ ಏನೆಲ್ಲ ಇದೆ? ಹುಟ್ಟಿದ್ದು 1783ರ ಆಸುಪಾಸು, ದ್ವೀಪದಲ್ಲೇ. ಅದೇ ಪಟ್ಟಿಯಲ್ಲಿ ಐವತ್ತು ದಾಟಿದ ಮಿಂಬಾ ಒಬ್ಬಳಿದ್ದರೆ ತಾಯಿ ಸಿಕ್ಕಳು. ಇಲ್ಲದಿದ್ದರೆ ತಾಯಿ ಸತ್ತಿರಬಹುದು ಅಥವಾ ಬೇರೆ ಮಾಲೀಕನ ಬಳಿ ಇರಬಹುದು. 1820ರ ಪಟ್ಟಿಯ ಹೆಚ್ಚಳದಲ್ಲಿ ‘ಕ್ವಾಕೊ, 1 ವರ್ಷ, ಫೀಬಾಳ ಮಗ’ ಎಂದು ಕಂಡರೆ ಮೂರನೇ ತಲೆಮಾರು. 1823ರಲ್ಲಿ ಫೀಬಾಳ ಸುದ್ದಿಯೇ ಇಲ್ಲವೆಂದರೆ ಗಾಬರಿಯಾಗಬೇಡಿ. ಈ ಪಟ್ಟಿಗಳಲ್ಲಿ ಹೆಸರು ಬರದಿರುವುದೆಂದರೆ ಆಕೆ ಬದುಕಿದ್ದಾಳೆ, ಅದೇ ತೋಟದಲ್ಲಿದ್ದಾಳೆ ಎಂದರ್ಥ. 1826ರ ಕಡಿತದಲ್ಲಿ ‘ಮಾರಾಟ’ ಎಂದಿದ್ದರೆ ಕೊಂಡವನ 1826ರ ಪಟ್ಟಿಯನ್ನು ತೆರೆದು, ಅಲ್ಲಿನ ಹೆಚ್ಚಳದಲ್ಲಿ 43ರ ಆಚೀಚಿನ ಫೀಬಾ ಇದ್ದಾಳೆಯೇ ನೋಡಬೇಕು. ಎರಡೂ ಕಡೆ ತಾಳೆಯಾಗುವವರೆಗೆ ಆ ಕೊಂಡಿಯನ್ನು ಪೆನ್ಸಿಲಿನಲ್ಲೇ ಬರೆದಿಡಿ.

ತಂದೆಯ ಹೆಸರು ಇಲ್ಲಿ ಸಿಗುವುದಿಲ್ಲವೆಂದೇ ತಿಳಿಯಿರಿ. ಕಾನೂನಿನ ಪ್ರಕಾರ ಮಗು ಯಾರ ಸ್ವತ್ತು ಎಂದು ನಿರ್ಧಾರವಾಗುತ್ತಿದ್ದುದು ತಾಯಿಯಿಂದ. ಹಾಗಾಗಿ ಬರೆಸುವವನಿಗೆ ಬೇಕಿದ್ದದ್ದು ತಾಯಿ ಮಾತ್ರ. ಬಣ್ಣದ ಕಾಲಂ ಪರೋಕ್ಷವಾಗಿ ಏನಾದರೂ ಹೇಳುತ್ತದೆ: ತಾಯಿ ‘ನೀಗ್ರೋ’, ಮಗು ‘ಮುಲಾಟೊ’ ಎಂದಿದ್ದರೆ ತಂದೆ ಬಿಳಿಯ, ತಾಯಿ ಮುಲಾಟೊ, ಮಗು ‘ಕ್ವಾಡ್ರೂನ್’ ಆದರೂ ಹಾಗೆಯೇ. ಆ ಬಿಳಿಯ ಮಾಲೀಕನೇ ಆಗಿರಬೇಕೆಂದಿಲ್ಲ. ದೊಡ್ಡ ಮಾಲೀಕರು ಬಹುಪಾಲು ಇಂಗ್ಲೆಂಡಿನಲ್ಲಿದ್ದರು. ತೋಟದಲ್ಲಿ ಇರುತ್ತಿದ್ದವರು ಓವರ್‌ಸಿಯರ್, ಅವನ ಕೆಳಗಿನ ಬುಕ್‌ಕೀಪರ್‌ಗಳು. ಮಾಲೀಕನ ಪರವಾಗಿ ವ್ಯವಹಾರ ನೋಡುತ್ತಿದ್ದ ಅಟಾರ್ನಿ, ಅಂದರೆ ಮುಖ್ತಿಯಾರ, ಆಗಾಗ ಬಂದುಹೋಗುತ್ತಿದ್ದ. ಈ ನೌಕರರ ವಿಲ್‌ಗಳನ್ನು ಬಿಡದೆ ನೋಡಿ. ‘ನನ್ನದೆಂದು ಹೇಳಲಾಗುವ ಮಗ’ ಎಂಬ ಒಕ್ಕಣೆಯಲ್ಲಿ, ತಾಯಿ ಯಾವ ತೋಟದವಳೆಂಬುದರ ಸಮೇತ, ಮಕ್ಕಳು ಅಲ್ಲಿ ಸಿಗುತ್ತಾರೆ. 1761ರ ಕಾನೂನೊಂದು ಇಂಥ ಮಕ್ಕಳಿಗೆ 2,000 ಪೌಂಡಿಗಿಂತ ಹೆಚ್ಚು ಬಿಟ್ಟುಹೋಗಬಾರದೆಂದು ಮಿತಿ ಹಾಕಿತ್ತು. ಅಂಥ ವಿಲ್‌ಗಳು ಆಗಲೇ ಎಷ್ಟು ಸಾಮಾನ್ಯವಾಗಿದ್ದವು ಎಂಬುದಕ್ಕೆ ಆ ಕಾನೂನೇ ಸಾಕ್ಷಿ.

ರಿಜಿಸ್ಟರ್‌ನಲ್ಲಿ ಎಡವುವುದು ಹೆಚ್ಚಾಗಿ ಹುಡುಕುವ ವಿಧಾನದಿಂದ. ಗುಲಾಮರ ಹೆಸರನ್ನು ಟೈಪ್ ಮಾಡಿ ಹುಡುಕಬೇಡಿ. ಬರೆದವನು ಕಿವಿಗೆ ಬಿದ್ದಂತೆ ಬರೆದಿದ್ದಾನೆ, ಸೂಚಿ ಮಾಡಿದವರು ಕಣ್ಣಿಗೆ ಕಂಡಂತೆ ಓದಿದ್ದಾರೆ. ಮಾಲೀಕನ ಹೆಸರು ಮತ್ತು ಪ್ಯಾರಿಷ್ ಹಾಕಿ ಪುಟಕ್ಕೆ ಹೋಗಿ, ಇಡೀ ಪಟ್ಟಿಯನ್ನು ಮೊದಲಿನಿಂದ ಓದಿ. ಮಾಲೀಕನ ಹೆಸರಿನಲ್ಲಿ ಸಿಗದಿದ್ದರೆ ಅಟಾರ್ನಿ, ಎಕ್ಸಿಕ್ಯೂಟರ್, ಗಾರ್ಡಿಯನ್, ರಿಸೀವರ್ ಹೆಸರಿನಲ್ಲಿ ನೋಡಿ. ಪಟ್ಟಿ ಸಲ್ಲಿಸಬೇಕಿದ್ದವನು ಆ ಹೊತ್ತಿಗೆ ಸ್ವಾಧೀನದಲ್ಲಿದ್ದವನು. ತೋಟದಲ್ಲಿ ದುಡಿದವರೆಲ್ಲ ತೋಟದ ಪಟ್ಟಿಯಲ್ಲಿ ಇರುವುದೂ ಇಲ್ಲ. ಓವರ್‌ಸಿಯರನಿಗೋ ಊರಿನ ವಿಧವೆಗೋ ಸೇರಿದ ಹತ್ತು ಹದಿನೈದು ಜನರನ್ನು ಬಾಡಿಗೆಗೆ ತಂದು ಕಬ್ಬಿನ ಗುಂಡಿ ತೋಡಿಸುತ್ತಿದ್ದರು. ಅವರ ಹೆಸರು ಅವರವರ ಒಡೆಯರ ಹೆಸರಿನಲ್ಲಿರುತ್ತದೆ.

ವಯಸ್ಸನ್ನು ನಂಬುವುದಕ್ಕೂ ಮಿತಿಯಿದೆ. ಆಫ್ರಿಕಾದಲ್ಲಿ ಹುಟ್ಟಿದವರ ವಯಸ್ಸು ಬರೀ ಅಂದಾಜು. 30, 40, 50ರಲ್ಲಿ ಜನ ಗುಂಪುಗಟ್ಟಿ ನಿಂತಂತೆ ಕಾಣುತ್ತಾರೆ. ತೋಟದಲ್ಲೇ ಹುಟ್ಟಿದ ಮಕ್ಕಳ ವಯಸ್ಸು ಹೆಚ್ಚುಕಡಿಮೆ ಸರಿಯಿರುತ್ತದೆ.

1832ರ ಪಟ್ಟಿಯನ್ನು, ಅದರಲ್ಲೂ ಸೇಂಟ್ ಜೇಮ್ಸ್, ಹ್ಯಾನೋವರ್, ಟ್ರೆಲಾನಿ, ವೆಸ್ಟ್‌ಮೋರ್‌ಲ್ಯಾಂಡ್ ಪ್ಯಾರಿಷ್‌ಗಳದ್ದನ್ನು ನಿಧಾನವಾಗಿ ಓದಬೇಕು. 1831ರ ಕ್ರಿಸ್‌ಮಸ್ ಹೊತ್ತಿಗೆ ಸ್ಯಾಮ್ ಶಾರ್ಪ್ ಮುಂದಾಳುತನದಲ್ಲಿ ಎದ್ದ ಬಂಡಾಯ ಹಬ್ಬಿದ್ದು ಇಲ್ಲೇ. 300ಕ್ಕೂ ಹೆಚ್ಚು ಜನರನ್ನು ವಿಚಾರಣೆಯ ಶಾಸ್ತ್ರ ಮುಗಿಸಿ ಗಲ್ಲಿಗೇರಿಸಿದರು; ಶಾರ್ಪ್‌ನನ್ನು ಮಾಂಟೆಗೊ ಬೇನಲ್ಲಿ 1832ರ ಮೇ 23ರಂದು ನೇಣಿಗೆ ಹಾಕಿದರು. ಜೂನ್ ಕೊನೆಯ ಪಟ್ಟಿಯ ಕಡಿತದ ಕಾಲಂಗೆ ಈ ಸಾವುಗಳು ಬಂದು ಸೇರಿವೆ.

1817ಕ್ಕಿಂತ ಹಿಂದೆ

ಇಲ್ಲಿಂದ ಸರ್ಕಾರಿ ಪಟ್ಟಿಯ ಆಸರೆ ತಪ್ಪುತ್ತದೆ. ಮಾಲೀಕನ ಸಾವು, ಮದುವೆ, ಸಾಲಗಳೇ ದಾರಿ. ನಮ್ಮ ಕ್ರಯಪತ್ರಗಳ ಕೊನೆಯಲ್ಲಿ ಚಕ್ಕುಬಂದಿ ಸಮೇತ ಷೆಡ್ಯೂಲ್ ಬರುತ್ತದಲ್ಲ, ಜಮೈಕಾದ ಕ್ರಯ, ಅಡಮಾನ, ಮದುವೆಯ ಒಡಂಬಡಿಕೆ ಪತ್ರಗಳ ಕೊನೆಯಲ್ಲೂ ಷೆಡ್ಯೂಲ್ ಇರುತ್ತದೆ. ಅದರಲ್ಲಿ ಜಮೀನಿನ ಜೊತೆ ಮನುಷ್ಯರ ಹೆಸರುಗಳಿರುತ್ತವೆ. ಪತ್ರದ ಮುಖ್ಯ ಭಾಗ ಇಪ್ಪತ್ತು ಪುಟದ ಕಾನೂನು ಮಾತು. ಅದನ್ನು ದಾಟಿ ಕೊನೆಯ ಪುಟಕ್ಕೆ ಹೋಗಿ. 1664ರಿಂದೀಚಿನ ಇಂಥ ಪತ್ರಗಳು ಸ್ಪ್ಯಾನಿಷ್ ಟೌನ್ ಬಳಿಯ ಟ್ವಿಕೆನ್‌ಹ್ಯಾಮ್ ಪಾರ್ಕ್‌ನಲ್ಲಿರುವ ರಿಜಿಸ್ಟ್ರಾರ್ ಜನರಲ್ ಇಲಾಖೆಯಲ್ಲಿವೆ. ಮಾರಿದವನ ಹೆಸರಿನಲ್ಲೂ ಕೊಂಡವನ ಹೆಸರಿನಲ್ಲೂ ಸೂಚಿ ನೋಡಬೇಕು.

ಮಾಲೀಕ ಸತ್ತಾಗ ಎರಡು ಕಾಗದ ಹುಟ್ಟುತ್ತವೆ: ವಿಲ್ ಮತ್ತು ಆಸ್ತಿಯ ತಪಶೀಲು. ವಿಲ್‌ನಲ್ಲಿ ಹೆಸರು ಬರುವುದು ಮನೆಗೆಲಸದ ಮೂರ್ನಾಲ್ಕು ಜನರದ್ದು. ಉಳಿದವರೆಲ್ಲ ‘ನನ್ನ ಎಲ್ಲ ಗುಲಾಮರು’ ಎಂಬ ಮೂರು ಪದದಲ್ಲಿ ಮುಚ್ಚಿಹೋಗುತ್ತಾರೆ. ಇಂಗ್ಲೆಂಡಿನಲ್ಲೂ ಆಸ್ತಿಯಿದ್ದವನ ವಿಲ್‌ನ ನಕಲು, ವಿಲ್‌ಗಳನ್ನು ಊರ್ಜಿತಗೊಳಿಸುತ್ತಿದ್ದ ಕ್ಯಾಂಟರ್‌ಬರಿ ನ್ಯಾಯಾಲಯದ ಈಗ ಕ್ಯೂನಲ್ಲಿರುವ ಸಂಗ್ರಹದಲ್ಲಿ ಸಿಗುವ ಸಂಭವ ಹೆಚ್ಚು. ತಪಶೀಲು ಇದಕ್ಕಿಂತ ಎಷ್ಟೋ ಪಾಲು ಉಪಯುಕ್ತ. 1674ರಿಂದ ಆರಂಭವಾಗುವ ಈ ಸಂಪುಟಗಳು ಜಮೈಕಾ ಆರ್ಕೈವ್ಸ್‌ನಲ್ಲಿವೆ. ಬೆಳ್ಳಿ ಚಮಚ, ಹಾಸಿಗೆ, ಹೇಸರಗತ್ತೆಗಳ ನಡುವೆ ಒಬ್ಬೊಬ್ಬ ಗುಲಾಮನ ಹೆಸರು, ಎದುರಿಗೆ ಬೆಲೆ; ಕೆಲವೊಮ್ಮೆ ಬಡಗಿ, ಸಕ್ಕರೆ ಕುದಿಸುವವ, ಸೂಲಗಿತ್ತಿ ಎಂದು ಕಸುಬು. ಇದರಲ್ಲಿ ಜಮೀನು ಇರುವುದಿಲ್ಲ. ತಪಶೀಲಿಗೆ ಸೇರುತ್ತಿದ್ದದ್ದು ಚರಸ್ವತ್ತು ಮಾತ್ರ. ಜಮೀನಿನ ವಿಸ್ತೀರ್ಣಕ್ಕೆ ಪತ್ರ, ಪಟ್ಟಾಗಳಿಗೇ ಹೋಗಬೇಕು.

ಬೆಲೆ ಓದುವಾಗ ಒಂದು ಲೆಕ್ಕ ನೆನಪಿರಲಿ. ತಪಶೀಲಿನ ಪೌಂಡು ಜಮೈಕಾ ಪೌಂಡು. 140 ಜಮೈಕಾ ಪೌಂಡಿಗೆ 100 ಸ್ಟರ್ಲಿಂಗ್ ಪೌಂಡು. ‘70’ ಎಂದು ಬರೆದ ಆಳಿನ ಬೆಲೆ ಸ್ಟರ್ಲಿಂಗ್‌ನಲ್ಲಿ 50. ಇನ್ನೊಂದು ಬಲೆ ತಾರೀಖಿನದು. 1752ಕ್ಕೆ ಮೊದಲು ಇಂಗ್ಲಿಷ್ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಫೆಬ್ರವರಿ 1740 ಎಂದು ಬರೆದ ಪತ್ರ ನಮ್ಮ ಲೆಕ್ಕದಲ್ಲಿ 1741ರದ್ದು. ಸತ್ತ ಮೇಲೆ ಸಹಿ ಮಾಡಿದಂತೆ ಕಾಣುವ ಮಾಲೀಕರು ಹೆಚ್ಚಾಗಿ ಈ ಲೆಕ್ಕದ ತಪ್ಪಿನಿಂದ ಹುಟ್ಟಿದವರು.

ಮಾಲೀಕ ದ್ವೀಪದಲ್ಲಿ ಇಲ್ಲದಿದ್ದರೆ ಅವನ ಅಟಾರ್ನಿ ವರ್ಷದ ಬೆಳೆಯ ಲೆಕ್ಕವನ್ನು ಪ್ರಮಾಣ ಮಾಡಿ ಸಲ್ಲಿಸಬೇಕಿತ್ತು. 1740ರಿಂದ ಸಿಗುವ ಈ ‘ಅಕೌಂಟ್ಸ್ ಪ್ರೊಡ್ಯೂಸ್’ ಸಂಪುಟಗಳಲ್ಲಿ ಎಷ್ಟು ಪೀಪಾಯಿ ಸಕ್ಕರೆ, ಎಷ್ಟು ರಮ್, ಯಾರಿಗೆ ಹೋಯಿತು ಎಂಬುದಿದೆ. ಗುಲಾಮರ ಹೆಸರು ಇಲ್ಲ. ಆದರೆ ಆ ವರ್ಷ ತೋಟ ಯಾರ ಹಿಡಿತದಲ್ಲಿತ್ತು ಎಂಬುದು ಇದಕ್ಕಿಂತ ಖಚಿತವಾಗಿ ಬೇರೆಲ್ಲೂ ಸಿಗದು. ಸಕ್ಕರೆ ಪಡೆದ ಲಂಡನ್ ಅಥವಾ ಬ್ರಿಸ್ಟಲ್ ವರ್ತಕನೇ ಸಾಲ ಕೊಟ್ಟವನೂ ಆಗಿರುವುದು ಸಾಮಾನ್ಯ.

ಎಲ್ಲಕ್ಕಿಂತ ಮೇಲಿನದು ಮಾಲೀಕನ ಮನೆಯ ಖಾಸಗಿ ಕಾಗದಗಳು ಉಳಿದಿರುವ ತೋಟ. ವೆಸ್ಟ್‌ಮೋರ್‌ಲ್ಯಾಂಡಿನ ಮೆಸೊಪೊಟೇಮಿಯಾ ಎಂಬ ತೋಟ ಇದಕ್ಕೆ ಹೆಸರಾದದ್ದು. ಅದರ ಮಾಲೀಕ ಜೋಸೆಫ್ ಫಾಸ್ಟರ್ ಬಾರ್‌ಹ್ಯಾಮ್ ಮತ್ತು ಅದೇ ಹೆಸರಿನ ಅವನ ಮಗ. ಇವರ ಕಾಲದಲ್ಲಿ, 1762ರಿಂದ 1833ರವರೆಗೆ ಬಹುತೇಕ ವರ್ಷ ವರ್ಷವೂ ಆಳುಗಳ ಪಟ್ಟಿ ಮಾಡಿಸಿದ್ದಾರೆ: ಹೆಸರು, ವಯಸ್ಸು, ಕೆಲಸ, ಆರೋಗ್ಯ. ಆ ಕಾಗದಗಳು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿವೆ. ಸಾವಿರಕ್ಕೂ ಹೆಚ್ಚು ಜನರ ಬದುಕನ್ನು ಬಾಲ್ಯದ ಹುಲ್ಲು ಕೀಳುವ ಗುಂಪಿನಿಂದ, ಗಟ್ಟಿಮುಟ್ಟಾದವರ ‘ಮೊದಲ ಗ್ಯಾಂಗ್‌’ನ ಕಬ್ಬಿನ ಕೆಲಸದವರೆಗೆ, ಅಲ್ಲಿಂದ ‘ನಿರುಪಯೋಗಿ’ ಎಂಬ ಷರಾದವರೆಗೆ ಇವುಗಳಿಂದ ಕಟ್ಟಬಹುದು. ಈ ತೋಟದಲ್ಲಿ ಹುಟ್ಟಿಗಿಂತ ಸಾವೇ ಹೆಚ್ಚು. ಅಂತರ ತುಂಬಿದ್ದು ಖರೀದಿಯಿಂದ, ಕೇರ್ನ್‌ಕರ್ರನ್, ಸ್ಪ್ರಿಂಗ್‌ಫೀಲ್ಡ್ ಮುಂತಾದ ಬೇರೆ ತೋಟಗಳ ಜನರನ್ನು ಗುಂಪಾಗಿ ತಂದು. 1832ರಲ್ಲಿ ಮೆಸೊಪೊಟೇಮಿಯಾದವನಾಗಿದ್ದವನ ತಾಯಿಯನ್ನು ಮೆಸೊಪೊಟೇಮಿಯಾದ ಹಳೆಯ ಪಟ್ಟಿಯಲ್ಲಿ ಹುಡುಕಿದರೆ ಸಿಗದಿರಲು ಇದೊಂದು ಕಾರಣ.

ಮಾಲೀಕರ ಹೆಸರೂ ಬದಲಾಗುತ್ತದೆ. ಜೋಸೆಫ್ ಫಾಸ್ಟರ್ ಹುಟ್ಟಿನಿಂದ ಬಾರ್‌ಹ್ಯಾಮ್ ಅಲ್ಲ. ಮಲತಂದೆಯ ಆಸ್ತಿ ಬಂದಾಗ, 1750ರಲ್ಲಿ, ಆ ಹೆಸರು ಸೇರಿಸಿಕೊಂಡವನು. ಆಸ್ತಿಗಾಗಿ ಹೆಸರು ಹಚ್ಚಿಕೊಂಡ ಇಂಥವರು ಅನೇಕರು. ಹೆಣ್ಣುಮಕ್ಕಳ ಮೂಲಕ ತೋಟ ಅಳಿಯನ ಹೆಸರಿಗೆ ಹೋದಾಗಲೂ ಮನೆತನ ‘ಮಾಯ’ವಾದಂತೆ ಕಾಣುತ್ತದೆ.

ಹೆಸರು, ಅಡ್ಡಹೆಸರು

ಕ್ವಾಶಿ, ಕಜೋ, ಕ್ವಾಕೊ, ಕಫಿ. ಹೆಂಗಸರಲ್ಲಿ ಜೂಬಾ, ಬೆನೆಬಾ, ಫೀಬಾ, ಮಿಂಬಾ. ಇವು ಪಶ್ಚಿಮ ಆಫ್ರಿಕಾದ ಅಕಾನ್ ಜನರ ವಾರದ ಹೆಸರುಗಳು. ಕಜೋ ಸೋಮವಾರ ಹುಟ್ಟಿದವ, ಫೀಬಾ ಶುಕ್ರವಾರ ಹುಟ್ಟಿದವಳು. ಏಳು ದಿನಕ್ಕೆ ಏಳೇ ಹೆಸರಾದ್ದರಿಂದ ದೊಡ್ಡ ತೋಟದಲ್ಲಿ ಮೂರ್ನಾಲ್ಕು ಫೀಬಾಗಳು ಸಹಜ. ಹಳೇ ಫೀಬಾ, ಪುಟ್ಟ ಫೀಬಾ, ಬೆನೆಬಾಳ ಫೀಬಾ ಎಂದು ಗುರುತು ಮಾಡಿರುತ್ತಾರೆ. ಹಳೆಯವಳು ಸತ್ತ ಮೇಲೆ ‘ಪುಟ್ಟ’ ಎಂಬುದು ಬಿದ್ದುಹೋಗುತ್ತದೆ. ಹೆಸರು ಅಕಾನ್ ಎಂದಮಾತ್ರಕ್ಕೆ ಆ ವ್ಯಕ್ತಿಯೂ ಅಕಾನ್ ಎನ್ನಲಾಗದು. ದ್ವೀಪದಲ್ಲಿ ಇವು ಎಲ್ಲರೂ ಇಡುವ ಹೆಸರಾಗಿದ್ದವು.

1810ರ ದಶಕದಿಂದ ಒಟ್ಟೊಟ್ಟಿಗೆ ಹತ್ತಾರು ಜನರಿಗೆ ದೀಕ್ಷಾಸ್ನಾನ ಕೊಡುವುದು ಹೆಚ್ಚಾಯಿತು. ಆಗ ಕ್ವಾಕೊ ಹೋಗಿ ವಿಲಿಯಂ ಏನೋ ಒಂದು ಆಗುತ್ತಾನೆ. ರಿಜಿಸ್ಟರ್‌ನಲ್ಲಿ ಹಳೆಯ ಹೆಸರೂ ಹೊಸದೂ ಒಟ್ಟಿಗೆ ಬರೆದಿರುವ ಕಡೆ ಆ ಸಾಲು ಚಿನ್ನ. ಬೇರೆಡೆ ವಯಸ್ಸು, ತಾಯಿ, ತೋಟ ಹೊಂದಿಸಿ ಊಹಿಸಬೇಕು. ಅಡ್ಡಹೆಸರು ಮಾಲೀಕನದೇ ಆಗಿರುತ್ತದೆ ಎಂಬ ನಂಬಿಕೆ ತಪ್ಪು. ಅಟಾರ್ನಿಯದು, ಓವರ್‌ಸಿಯರನದು, ಹಿಂದಿನ ಮಾಲೀಕನದು, ಪಾದ್ರಿಯದು ಕೂಡ ಆಗಿರಬಹುದು. ಸ್ವಾತಂತ್ರ್ಯ ಬಂದ ಮೇಲೆ ತಾವೇ ಆರಿಸಿಕೊಂಡವರೂ ಇದ್ದಾರೆ.

ಜನನ ಮರಣಗಳ ಸರ್ಕಾರಿ ನೋಂದಣಿ ಜಮೈಕಾದಲ್ಲಿ ಶುರುವಾದದ್ದು 1878ರಲ್ಲಿ. 1838ರಿಂದ ಅಲ್ಲಿಯವರೆಗಿನ 40 ವರ್ಷವನ್ನು ದಾಟಿಸುವುದು ಚರ್ಚಿನ ಪುಸ್ತಕಗಳು. ಆಂಗ್ಲಿಕನ್ ಪುಸ್ತಕ ಮಾತ್ರ ನೋಡಿ ನಿಲ್ಲಬೇಡಿ. ಮೊರೇವಿಯನ್, ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಮಿಶನ್‌ಗಳ ಕಡೆಗೆ ಹೋದವರು ಅಪಾರ. ಮೊರೇವಿಯನ್ನರು 1754ರಿಂದಲೇ ದ್ವೀಪದಲ್ಲಿದ್ದು, ಮೆಸೊಪೊಟೇಮಿಯಾದಲ್ಲೂ ಒಂದು ಮಿಶನ್ ನಡೆಸಿದರು.

ಜಮೈಕಾ ಅಲ್ಲದ ದ್ವೀಪವಾದರೆ ಕ್ರಮ ಇದೇ, ಸಿಗುವುದು ಬೇರೆ. ಟ್ರಿನಿಡಾಡಿನ ರಿಜಿಸ್ಟರ್ 1813ರಲ್ಲೇ ಶುರು. ಅದರಲ್ಲಿ ಕುಟುಂಬಗಳನ್ನು ಒಟ್ಟಿಗೆ ಬರೆದಿದ್ದಾರೆ, ಎತ್ತರ, ಮೈಮೇಲಿನ ಗುರುತು, ಆಫ್ರಿಕಾದ ಯಾವ ನಾಡು ಎಂಬುದೂ ಇದೆ. ಟಿ 71 ಸರಣಿಯಲ್ಲಿ ಮಾರಿಷಸ್ ಕೂಡ ಇದೆ, ಅಲ್ಲಿ ‘ಮಲಬಾರ್’ ಎಂದು ಬರೆದ ಭಾರತೀಯ ಗುಲಾಮರೂ ಸಿಗುತ್ತಾರೆ. ಭಾರತದ ಒಳಗಿನ ಗುಲಾಮರಿಗೆ ಇಂಥ ಪಟ್ಟಿ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು 1833ರ ಕಾಯ್ದೆಯಿಂದ ಹೊರಗಿಟ್ಟು, ಇಲ್ಲಿಗೆ 1843ರಲ್ಲಿ ಬೇರೆ ಕಾಯ್ದೆ ಮಾಡಿದರು.

ತೋಟಗಳಲ್ಲಿ ಗುಲಾಮರ ಜಾಗಕ್ಕೆ ಬಂದ ಭಾರತೀಯ ಕರಾರು ಕೂಲಿಗಳದ್ದು ಇನ್ನೊಂದು ಬಗೆಯ ಕಾಗದ. ಗಯಾನಾ ಮತ್ತು ಜಮೈಕಾದ ತನ್ನ ತೋಟಗಳ 2,508 ಗುಲಾಮರಿಗಾಗಿ ಲಕ್ಷ ಪೌಂಡಿಗೂ ಮೀರಿ ಪರಿಹಾರ ಪಡೆದ ಜಾನ್ ಗ್ಲ್ಯಾಡ್‌ಸ್ಟನ್ನೇ ಕಲ್ಕತ್ತಾದಿಂದ ಕೂಲಿಗಳನ್ನು ತರಿಸುವ ಏರ್ಪಾಡು ಮಾಡಿದವನು. ಮೊದಲ ಹಡಗುಗಳು 1838ರ ಮೇನಲ್ಲಿ ಗಯಾನಾ ಮುಟ್ಟಿದವು. ಜಮೈಕಾಕ್ಕೆ ಮೊದಲ ಹಡಗು ಬಂದದ್ದು 1845ರ ಮೇ 10ಕ್ಕೆ. ಮುಂದೆ ಕೂಲಿಗಳ ಎಮಿಗ್ರೇಷನ್ ದಾಖಲೆಗಳಲ್ಲಿ ತಂದೆಯ ಹೆಸರು, ಜಾತಿ, ಜಿಲ್ಲೆ, ಹಳ್ಳಿ ಬರೆಯುವ ಪದ್ಧತಿ ಬಂತು. ಮದರಾಸಿನಿಂದ 1860ರ ನಂತರ ದಕ್ಷಿಣ ಆಫ್ರಿಕಾದ ನಟಾಲ್‌ಗೆ ಹೋದ ಹಡಗುಗಳ ಪಟ್ಟಿಗಳಲ್ಲಿ ಮೈಸೂರು, ಬೆಂಗಳೂರು ಎಂಬ ಊರುಗಳೂ ಕಾಣಸಿಗುತ್ತವೆ. ಒಂದೇ ಕಬ್ಬಿನ ಗದ್ದೆಯಲ್ಲಿ ಮೊದಲು ದುಡಿದವರ ಮೂಲಸ್ಥಾನ ‘ಆಫ್ರಿಕನ್’ ಎಂಬ ಒಂದೇ ಪದ, ಆಮೇಲೆ ದುಡಿದವರದ್ದು ಹಳ್ಳಿಯವರೆಗೆ.

ಸಿಕ್ಕಿದ್ದನ್ನೆಲ್ಲ ಒಂದು ಕೋಷ್ಟಕಕ್ಕೆ ಹಾಕುವಾಗ ವ್ಯಕ್ತಿಗೊಂದು ಸಾಲು ಮಾಡಬೇಡಿ, ಉಲ್ಲೇಖಕ್ಕೊಂದು ಸಾಲು ಮಾಡಿ: ದಾಖಲೆ, ತಾರೀಖು, ಪುಟ, ಹೆಸರು ಇದ್ದಂತೆಯೇ, ವಯಸ್ಸು, ಅದರಿಂದ ಲೆಕ್ಕ ಹಾಕಿದ ಹುಟ್ಟಿದ ವರ್ಷ, ಬಣ್ಣ, ತಾಯಿ, ಕಸುಬು, ಆ ಹೊತ್ತಿನ ಒಡೆಯ. ಆಮೇಲೆ ಹುಟ್ಟಿದ ವರ್ಷದ ಪ್ರಕಾರ ಜೋಡಿಸಿ. 1790ರ ಅಡಮಾನ ಪತ್ರದ ‘ಪುಟ್ಟ ಫೀಬಾ’ಳೂ 1817ರ 34ರ ಫೀಬಾಳೂ ಒಬ್ಬಳೇ ಎನ್ನಲು ಹೆಸರು ಸಾಲದು, ವಯಸ್ಸು ಮೂರ್ನಾಲ್ಕು ವರ್ಷದೊಳಗೆ ಹೊಂದಬೇಕು, ಜೊತೆಗೆ ತಾಯಿಯೋ ಕಸುಬೋ ಇನ್ನೊಂದು ತಾಳೆಯಾಗಬೇಕು. ಆಗದಿದ್ದರೆ ಎರಡು ಸಾಲುಗಳನ್ನು ಬೇರೆಯಾಗಿಯೇ ಬಿಡಿ. ಮುಂದೆ ಇನ್ನೊಂದು ಪತ್ರ ಸಿಕ್ಕಾಗ ಸೇರಿಸುವುದು ಸುಲಭ. ಆತುರದಲ್ಲಿ ಒಂದು ಮಾಡಿ, ಅದರ ಕೆಳಗೆ ಮಕ್ಕಳು ಮೊಮ್ಮಕ್ಕಳನ್ನು ಬರೆದುಬಿಟ್ಟ ಮೇಲೆ ಬಿಡಿಸುವುದು ಬಹಳ ಕಷ್ಟ.